ಪುಣೆಯಲ್ಲಿ 9ನೇ ತರಗತಿ ಓದುವ ಮಗ 100 ಮೀಟರನ್ನು 13.5 ಸೆಕೆಂಡಿನಲ್ಲಿ ಓಡುತ್ತಾನೆ. ಜಿಮ್‌ಗೆ ಹಾಕಿದರೆ 3 ತಿಂಗಳಲ್ಲಿ 11.5ಕ್ಕೆ ಬರುತ್ತಾನಾ?
ಇಲ್ಲ ಸರ್, ಮೂರು ತಿಂಗಳಲ್ಲಿ ಎರಡು ಸೆಕೆಂಡು ಇಳಿಯುವುದಿಲ್ಲ. ವರ್ಷದಲ್ಲಿ ಅರ್ಧ ಸೆಕೆಂಡು ಇಳಿದರೂ ಒಳ್ಳೆಯ ಪ್ರಗತಿಯೇ.

ಈ ವಯಸ್ಸಿನಲ್ಲಿ ಭಾರ ಎತ್ತಿದರೆ ಸ್ನಾಯು ತಕ್ಷಣ ದಪ್ಪವಾಗುವುದಿಲ್ಲ. ಇರುವ ಸ್ನಾಯುವನ್ನೇ ನರಗಳು ಚೆನ್ನಾಗಿ ದುಡಿಸಲು ಕಲಿಯುತ್ತವೆ. ಗಾತ್ರ ಬರುವುದು ಹರೆಯದ ಹಾರ್ಮೋನು ಏರಿದ ಮೇಲೆ, ಅದೂ ಒಬ್ಬೊಬ್ಬರಿಗೆ ಒಂದೊಂದು ವಯಸ್ಸಿಗೆ. ಹಾಗಾಗಿ ಬಾಲೇವಾಡಿ ಟ್ರ್ಯಾಕಿನಲ್ಲಿ ಪಕ್ಕದ ಲೇನಿನ ಮೀಸೆ ಚಿಗುರಿದ ಹುಡುಗನಿಗೆ ದಯವಿಟ್ಟು ಇವನನ್ನು ಹೋಲಿಸಬೇಡಿ. ಸರ್ರನೆ ಉದ್ದ ಬೆಳೆಯುವ ತಿಂಗಳುಗಳಲ್ಲಂತೂ ಹೆಜ್ಜೆಯ ಹಿಡಿತ ತಪ್ಪಿ ವೇಗ ಕುಗ್ಗಲೂಬಹುದು.

ಜಿಮ್‌ನಿಂದ ಎತ್ತರ ನಿಲ್ಲುತ್ತದೆಂಬ ಭಯ ಬೇಡ. ತಿಳಿದ ಕೋಚ್ ಎದುರಿನಲ್ಲಿ ವಾರಕ್ಕೆರಡು ದಿನ ಸ್ಕ್ವಾಟ್ ಕಲಿಯಲಿ. ಖಾಲಿ ರಾಡಿನಲ್ಲಿ ಬೆನ್ನು ಬಾಗದೆ ಹತ್ತು ಸಲ ಕೂತೆದ್ದ ಮೇಲಷ್ಟೇ ಪ್ಲೇಟು ಹಾಕಿಸಿ.