ಮಾರುವುದೂ ಇಲ್ಲ, ಬಿಡುವುದೂ ಇಲ್ಲ ಅಂದರೆ ಹೇಗೆ?

ಓದುಗರೊಬ್ಬರು ಬರೆದಿದ್ದಾರೆ: “ಹಳೆಯ ಸಾಫ್ಟ್‌ವೇರ್‌ಗಳನ್ನು ಕಂಪನಿಗಳ ಅನುಮತಿ ಇಲ್ಲದೆ ಕೂಡಿಟ್ಟು ಹಂಚುವವರನ್ನು ನಿಮ್ಮ ಕಳೆದ ಸಂಚಿಕೆ ಹೊಗಳಿದೆ. ನಾನು ಪ್ರೋಗ್ರಾಮ್ ಬರೆದು ಹೊಟ್ಟೆ ಹೊರೆಯುವವನು. ಯಾರೂ ವಾಸವಿಲ್ಲ ಅಂತ ಬೀಗ ಹಾಕಿದ ಮನೆಗೆ ನುಗ್ಗಬಹುದೇ? ಎಷ್ಟು ಹಳೆಯದಾದರೂ ಕಳವು ಕಳವೇ. ಕಾನೂನಿನ ಪ್ರಕಾರ ಬಿಡುಗಡೆ ಆಗುವವರೆಗೆ ಕಾಯುವುದಕ್ಕೆ ಏನು ಕಷ್ಟ?”

ಮಿತ್ರರೇ,

ಈ ಸಲ ಬಂದ ಪತ್ರಗಳಲ್ಲಿ ನಿಮ್ಮದನ್ನು ಬೇಕೆಂದೇ ಆರಿಸಿಕೊಂಡೆ. ನನ್ನ ಮನಸ್ಸಿಗೆ ತುಂಬಾ ಹತ್ತಿರದ ವಿಷಯ ಇದು. ಅದರಲ್ಲೂ ಪ್ರೋಗ್ರಾಮ್ ಬರೆಯುವವರೇ ಕೇಳಿದಾಗ ಆ ಮಾತಿಗೆ ತೂಕ ಜಾಸ್ತಿ.

ಮೊದಲು ಒಪ್ಪಬೇಕಾದ್ದನ್ನು ಒಪ್ಪಿಬಿಡುತ್ತೇನೆ. ಕಾನೂನು ನಿಮ್ಮ ಕಡೆಗಿದೆ. ಸಾಫ್ಟ್‌ವೇರ್ ಹಳೆಯದಾಯಿತು, ಎಲ್ಲೂ ಸಿಗುವುದಿಲ್ಲ ಅಂದ ಮಾತ್ರಕ್ಕೆ ಅದರ ಕಾಪಿರೈಟ್ ಹೋಗುವುದಿಲ್ಲ. ನಿಮ್ಮ ಸಿಟ್ಟಿಗೆ ಇತಿಹಾಸವೂ ಇದೆ. 1976ರ ಫೆಬ್ರವರಿಯಲ್ಲಿ ಬಿಲ್ ಗೇಟ್ಸ್ ಕಂಪ್ಯೂಟರ್ ಹವ್ಯಾಸಿಗಳಿಗೆ ಒಂದು ಬಹಿರಂಗ ಪತ್ರ ಬರೆದರು. ಆಲ್ಟೇರ್ ಎಂಬ ಆಗಿನ ಕಂಪ್ಯೂಟರ್ ಇಟ್ಟುಕೊಂಡವರಲ್ಲಿ ಶೇ. 10ರಷ್ಟು ಜನ ಕೂಡ ತಾವು ಬರೆದ ಬೇಸಿಕ್ (ಪ್ರೋಗ್ರಾಮ್ ಬರೆಯಲು ಬೇಕಾದ ಸಾಫ್ಟ್‌ವೇರ್) ಅನ್ನು ಕೊಂಡಿಲ್ಲ, ಬಂದ ರಾಯಲ್ಟಿಯನ್ನು ಲೆಕ್ಕ ಹಾಕಿದರೆ ದುಡಿದ ಗಂಟೆಗೆ 2 ಡಾಲರ್ ಕೂಡ ಗಿಟ್ಟಿಲ್ಲ ಅಂತ ಅದರಲ್ಲಿ ನೊಂದುಕೊಂಡಿದ್ದರು. ಆ ನೋವು ನ್ಯಾಯವಾದದ್ದೇ.

ಆದರೆ ಅಂದು ಬೇಸಿಕ್ ಮಾರಾಟಕ್ಕಿತ್ತು, ಅಲ್ವಾ? ನಾವು ಮಾತಾಡುತ್ತಿರುವುದು ದುಡ್ಡು ಹಿಡಿದು ಹುಡುಕಿದರೂ ಮಾರುವವರು ಸಿಗದ ಸಾಫ್ಟ್‌ವೇರ್ ಬಗ್ಗೆ. ಮನೆಗೆ ನುಗ್ಗಿದವನು ಒಡೆಯನ ಜಾಗ ಕಸಿಯುತ್ತಾನೆ. ಪ್ರತಿ ಮಾಡಿಕೊಂಡವನು ಒಡೆಯನ ವ್ಯಾಪಾರ ಕೆಡಿಸಿದ ಅನ್ನಬಹುದು. ವ್ಯಾಪಾರವೇ ನಿಂತುಹೋದ ಮೇಲೆ ಅದನ್ನೂ ಹೇಳಲಾಗದು. ಇನ್ನು ಬೀಗ ಹಾಕಿದ ಮನೆ ಹತ್ತಾರು ವರ್ಷ ನಿಂತಿರುತ್ತದೆ. ಹಳೆಯ ಸಾಫ್ಟ್‌ವೇರ್ ಇರುವ ಫ್ಲಾಪಿ ಡಿಸ್ಕಿನ ಕಾಂತೀಯ ಲೇಪ ಅಷ್ಟು ಕಾಲ ಉಳಿಯುತ್ತದೆ ಅನ್ನುವ ಖಾತರಿ ಇಲ್ಲ.

ಕಾಯಿರಿ ಅನ್ನುತ್ತೀರಿ. ಎಷ್ಟು ಕಾಲ? ಅಮೆರಿಕದ ಕಾನೂನಿನಲ್ಲಿ ಕಂಪನಿಯ ಹೆಸರಿನಲ್ಲಿ ತಯಾರಾದ ಕೃತಿಗೆ ಪ್ರಕಟವಾದ ವರ್ಷದಿಂದ 95 ವರ್ಷ ಕಾಪಿರೈಟ್ ಇರುತ್ತದೆ. ಪರ್ಸನಲ್ ಕಂಪ್ಯೂಟರಿಗೆ ಬಂದ ಮೊದಲ ಸ್ಪ್ರೆಡ್‌ಶೀಟ್ (ಸಾಲು, ಕಂಬಗಳಲ್ಲಿ ಲೆಕ್ಕ ಮಾಡುವ ಪ್ರೋಗ್ರಾಮ್) ವಿಸಿಕ್ಯಾಲ್ಕ್ 1979ರದು. ಅದರ ಹಕ್ಕು ಮುಗಿಯುವುದು 2074ರ ಕೊನೆಗೆ. ಅದನ್ನು ಬರೆದ ಇಬ್ಬರಲ್ಲಿ ಒಬ್ಬರಾದ ಡ್ಯಾನ್ ಬ್ರಿಕ್ಲಿನ್, ತಮ್ಮದೇ ಪ್ರೋಗ್ರಾಮನ್ನು ಜನರಿಗೆ ಉಚಿತವಾಗಿ ಕೊಡಲು ಲೋಟಸ್ ಕಂಪನಿಯ ಅನುಮತಿ ಕೇಳಬೇಕಾಯಿತು. 1985ರಲ್ಲಿ ಅವರ ಕಂಪನಿಯ ಆಸ್ತಿಯನ್ನು ಕೊಂಡದ್ದು ಲೋಟಸ್. ಪುಣ್ಯಕ್ಕೆ ಅವರು ಒಪ್ಪಿದರು. ಐಬಿಎಂ ಪಿಸಿಗೆ ಬರೆದ ಆ ಆವೃತ್ತಿ ಬರೀ 27,520 ಬೈಟ್. ಇವತ್ತು ಮೊಬೈಲಿನಲ್ಲಿ ತೆಗೆಯುವ ಒಂದು ಫೋಟೋ ಅದರ ನೂರು ಪಟ್ಟು ಇರುತ್ತದೆ.

ಎಲ್ಲರಿಗೂ ಬ್ರಿಕ್ಲಿನ್ ಅವರಷ್ಟು ಅದೃಷ್ಟ ಇರುವುದಿಲ್ಲ. ಹಕ್ಕು ಯಾರ ಹತ್ತಿರ ಇದೆ ಅಂತ ಪತ್ತೆ ಮಾಡುವುದೇ ದೊಡ್ಡ ಸಾಹಸ. ಸಿಸ್ಟಮ್ ಶಾಕ್ 2 ಆಟದ ಕಥೆ ನಿಮಗೆ ಗೊತ್ತಿರಬಹುದು. 1999ರ ಆಟ. ತಯಾರಿಸಿದ ಲುಕಿಂಗ್ ಗ್ಲಾಸ್ ಕಂಪನಿ ಮರುವರ್ಷ ಮುಚ್ಚಿತು. ಸ್ಟೀಫನ್ ಕಿಕ್ ಎಂಬ ಅಭಿಮಾನಿ ಗ್ವಾಟೆಮಾಲಾ ಸುತ್ತುತ್ತಿದ್ದಾಗ ಅದನ್ನು ಮತ್ತೆ ಆಡೋಣ ಅಂತ ಹೊರಟರೆ ಎಲ್ಲೂ ಮಾರಾಟಕ್ಕಿಲ್ಲ. ಹಕ್ಕು ಹುಡುಕುತ್ತಾ ಹೋದರೆ ಅದು ಒಂದು ವಿಮಾ ಕಂಪನಿಯ ಕೈಯಲ್ಲಿತ್ತು! ಕಿಕ್ ಆ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು 2013ರಲ್ಲಿ ಆಟವನ್ನು ಮತ್ತೆ ಮಾರಾಟಕ್ಕೆ ತಂದರು. ಹೊಸ ಯಂತ್ರಗಳಲ್ಲಿ ಅದು ಓಡಲು ನೆರವಾದದ್ದು ಯಾರೋ ಅನಾಮಿಕರು ಅದಕ್ಕೂ ಮುಂಚೆ ಹೊರಬಿಟ್ಟಿದ್ದ ಪ್ಯಾಚ್, ಅಂದರೆ ತಿದ್ದುಪಡಿಯ ಫೈಲು. ಅನುಮತಿ ಕೇಳುತ್ತಾ ಕೂತಿದ್ದರೆ ಆ ಪ್ಯಾಚ್ ಹುಟ್ಟುತ್ತಿತ್ತೇ?

ಮುಂದೆ ಇದೇ ಕಿಕ್ ಅವರ ಸಂಸ್ಥೆ ‘ನೋ ಒನ್ ಲಿವ್ಸ್ ಫಾರೆವರ್’ ಆಟಕ್ಕೆ ಕೈ ಹಾಕಿತು. ಹಕ್ಕು ವಾರ್ನರ್, ಆಕ್ಟಿವಿಷನ್, ಫಾಕ್ಸ್ ಈ ಮೂವರ ನಡುವೆ ಎಲ್ಲೋ ಸಿಕ್ಕಿಕೊಂಡಿತ್ತು. ಇದು ನಮ್ಮದೇ ಅಂತ ಖಚಿತವಾಗಿ ಹೇಳುವವರು ಸಿಗಲಿಲ್ಲ, ಬಿಡುಗಡೆಯೂ ಆಗಲಿಲ್ಲ. ದುಡ್ಡು ಕೊಡುತ್ತೇವೆ, ಕಾನೂನಿನ ಪ್ರಕಾರವೇ ತರುತ್ತೇವೆ ಅಂದವರ ಗತಿ ಇದು. ಹೀಗಿರುವಾಗ ಬರೀ ಓದುಗರಿಗೆ, ಬಳಸುವವರಿಗೆ ಕಾಯಿರಿ ಅಂತ ಬುದ್ಧಿ ಹೇಳುವುದು ಸರಿಯಲ್ಲ. ನೀವು ಗದರಬೇಕಾದದ್ದು ಇನ್ನೊಂದು ಕಡೆಯವರನ್ನು. ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ನಡೆಸಿದ ಅಧ್ಯಯನದ ಪ್ರಕಾರ, 2010ಕ್ಕೆ ಮುಂಚೆ ಅಮೆರಿಕದಲ್ಲಿ ಬಂದ ಆಟಗಳಲ್ಲಿ ಶೇ. 87ರಷ್ಟು ಇಂದು ಕೊಳ್ಳಲು ಸಿಗುವುದಿಲ್ಲ.

ಕಂಪನಿಗಳೇ ಜೋಪಾನ ಮಾಡುತ್ತವೆ ಅಂತ ನೀವು ನಂಬಿರಬಹುದು. ಮೈಕ್ರೋಸಾಫ್ಟ್‌ನದೇ ಉದಾಹರಣೆ ಕೇಳಿ. 80ರ ದಶಕದಲ್ಲಿ ಅವರು ಒಂದೇ ಸಲಕ್ಕೆ ಹಲವು ಕೆಲಸ ಮಾಡಬಲ್ಲ ಒಂದು ಎಂಎಸ್-ಡಾಸ್ (ಕಂಪ್ಯೂಟರ್ ನಡೆಸುವ ಮೂಲ ಸಾಫ್ಟ್‌ವೇರ್) ತಯಾರಿಸಿದ್ದರು. ಅದರ ಪರೀಕ್ಷಾ ಆವೃತ್ತಿಯ ಫ್ಲಾಪಿಗಳು ಆಗ ಲೋಟಸ್‌ನಲ್ಲಿದ್ದ ರೇ ಓಝಿ ಅವರಿಗೆ ಹೋಗಿದ್ದವು. ಅವರು ಜತನವಾಗಿ ಇಟ್ಟಿದ್ದರು. ಯುವ ಸಂಶೋಧಕರೊಬ್ಬರು ಅದರ ಬೆನ್ನು ಹತ್ತಿ ಕೇಳಿದಾಗ, ಆ ಪ್ರೋಗ್ರಾಮಿನ ಪೂರ್ತಿ ಸೋರ್ಸ್ ಕೋಡ್ (ಪ್ರೋಗ್ರಾಮರ್ ಬರೆದ ಮೂಲ ಬರಹ) ಮೈಕ್ರೋಸಾಫ್ಟ್‌ಗೇ ಸಿಗಲಿಲ್ಲ. ಸಿಕ್ಕಿದ ಎಂಎಸ್-ಡಾಸ್ 4.00 ಕೋಡನ್ನು 2024ರ ಏಪ್ರಿಲ್‌ನಲ್ಲಿ ಯಾರು ಬೇಕಾದರೂ ಬಳಸಬಹುದಾದ ಎಂಐಟಿ ಲೈಸೆನ್ಸ್ ಅಡಿ ಬಿಡುಗಡೆ ಮಾಡಿದರು. ಅವರನ್ನು ಮೆಚ್ಚುತ್ತೇನೆ. ಆದರೆ ಅಷ್ಟು ದೊಡ್ಡ ಕಂಪನಿಯೇ ಪೂರ್ತಿ ಉಳಿಸಿಕೊಳ್ಳದ ಪ್ರೋಗ್ರಾಮಿನ ಪ್ರತಿ ಒಬ್ಬರ ಖಾಸಗಿ ಫ್ಲಾಪಿಯಲ್ಲಿ ಉಳಿದಿತ್ತು ಅನ್ನುವುದನ್ನು ನೀವೂ ಗಮನಿಸಬೇಕು.

ಪೈರಸಿ ಮಾಡಿದವರ ವಿಷಯವೂ ಇಲ್ಲೇ ಬರುತ್ತದೆ. ನಕಲು ತಡೆಯುವ ಬೀಗ ಹಾಕಿದ್ದ ಎಷ್ಟೋ ಹಳೆಯ ಡಿಸ್ಕ್‌ಗಳು ಇಂದು ಉಳಿದಿರುವುದು ಕ್ರ್ಯಾಕ್ ಆದ, ಅಂದರೆ ಆ ಬೀಗ ಒಡೆದ ಪ್ರತಿಗಳಾಗಿ. 2010ರಲ್ಲಿ ಮ್ಯಾಕ್ಸ್ ಪೇನ್ 2 ಆಟದ ಅಧಿಕೃತ ಡೌನ್‌ಲೋಡ್ ಒಳಗೇ ಒಂದು ಕ್ರ್ಯಾಕರ್ ಗುಂಪಿನ ಗುರುತು ಪತ್ತೆಯಾಗಿ ಸುದ್ದಿಯಾಗಿತ್ತು. ಆಟದ ಕಂಪನಿಯವರು, ಕಳ್ಳರು ಅಂತ ಬೈಯುತ್ತಿದ್ದವರ ಕೆಲಸವನ್ನೇ ಎತ್ತಿ ಮತ್ತೆ ದುಡ್ಡಿಗೆ ಮಾರಿದ್ದರು.

ಬಿಟ್ಟುಕೊಟ್ಟರೆ ನಷ್ಟ ಅನ್ನುವ ಭಯವೂ ನಿಜವಲ್ಲ. 1997ರ ಡಿಸೆಂಬರ್‌ನಲ್ಲಿ ಐಡಿ ಸಾಫ್ಟ್‌ವೇರ್ ಡೂಮ್ ಆಟದ ಸೋರ್ಸ್ ಕೋಡ್ ಬಿಟ್ಟಿತು. ಆಟದ ಚಿತ್ರ, ಶಬ್ದ, ಹಂತಗಳ ಫೈಲುಗಳನ್ನು ತನ್ನ ಹತ್ತಿರವೇ ಇಟ್ಟುಕೊಂಡಿತು. ಜನ ಆ ಕೋಡನ್ನು ಸಿಕ್ಕ ಸಿಕ್ಕ ಯಂತ್ರಕ್ಕೆಲ್ಲ ಒಗ್ಗಿಸಿದರು. ಡೂಮ್ ಇಂದಿಗೂ ಮಾರಾಟವಾಗುತ್ತಿದೆ. 2002ರಲ್ಲಿ ಕಾಲ್ಡೆರಾ ಕಂಪನಿ ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನ ಹಳೆಯ ಆವೃತ್ತಿಗಳನ್ನು ಮುಕ್ತ ಲೈಸೆನ್ಸ್ ಅಡಿ ಬಿಟ್ಟದ್ದರಿಂದ ಆ ಕೋಡನ್ನು ಇವತ್ತು ಯಾರು ಬೇಕಾದರೂ ಧೈರ್ಯವಾಗಿ ಓದಬಹುದು. ಇದಕ್ಕೆಲ್ಲ ಬೇಕಾದದ್ದು ಒಂದು ಪುಟದ ಪತ್ರ, ಒಂದು ಸಹಿ.

ನಮ್ಮದೇ ಒಂದು ಸಂಕಟ ಹೇಳುತ್ತೇನೆ. ನಮ್ಮ ಪತ್ರಿಕೆಯ ಹಳೆಯ ಸಂಚಿಕೆಗಳ ಪುಟಗಳು ಒಂದು ಪುಟವಿನ್ಯಾಸದ ಸಾಫ್ಟ್‌ವೇರ್‌ನ ಫೈಲುಗಳಲ್ಲಿವೆ. ಅದನ್ನು ತಯಾರಿಸಿದ ಕಂಪನಿಯನ್ನು ಇನ್ನೊಂದು ಕಂಪನಿ ನುಂಗಿತು. ಹಳೆಯ ಆವೃತ್ತಿ ಕೊಡಿ, ದುಡ್ಡು ಕೊಡುತ್ತೇವೆ ಅಂತ ಕೇಳಿದೆವು. ಅದು ನಿಂತುಹೋಗಿದೆ, ಹೊಸದಕ್ಕೆ ಚಂದಾ ಕಟ್ಟಿ ಅಂದರು. ಹೊಸದು ನಮ್ಮ ಹಳೆಯ ಫೈಲುಗಳನ್ನು ತೆರೆಯುವುದೇ ಇಲ್ಲ. ನಾವೇ ಬರೆದ ಪುಟಗಳು, ನಮಗೇ ಸಿಗುತ್ತಿಲ್ಲ!

ಮುಂದಿನ ದಿನಗಳು ಇನ್ನೂ ಕಷ್ಟ. ಹಳೆಯ ಸಾಫ್ಟ್‌ವೇರ್ ಕಡೇಪಕ್ಷ ಡಿಸ್ಕ್‌ನಲ್ಲಿ ಬರುತ್ತಿತ್ತು. ಈಗಿನದು ತಿಂಗಳ ಬಾಡಿಗೆಗೆ ಸಿಗುತ್ತದೆ, ಓಡುವುದು ಕಂಪನಿಯ ಸರ್ವರ್‌ನಲ್ಲಿ. ಸರ್ವರ್ ಆರಿಸಿದ ದಿನ ಸಾಫ್ಟ್‌ವೇರ್ ಮುಗಿಯಿತು. 2012ರ ಡಿಸೆಂಬರ್‌ನಲ್ಲಿ ಅಡೋಬಿ, ಫೋಟೋಶಾಪ್ ಒಳಗೊಂಡ ತನ್ನ ಸಿಎಸ್2 ಸಾಫ್ಟ್‌ವೇರ್‌ಗಳ ಆ್ಯಕ್ಟಿವೇಶನ್ ಸರ್ವರ್ (ಪ್ರತಿ ಅಸಲಿಯೇ ಎಂದು ಪರೀಕ್ಷಿಸುವ ಸರ್ವರ್) ನಿಲ್ಲಿಸಿದಾಗ, ಅದಿಲ್ಲದೆ ಓಡುವ ಪ್ರತಿಯನ್ನು ಹಳೆಯ ಗ್ರಾಹಕರಿಗೆ ಒದಗಿಸಿತು. ಅಷ್ಟು ಸೌಜನ್ಯ ಎಲ್ಲರಿಗೂ ಇಲ್ಲ. ಗ್ರಂಥಾಲಯಗಳಾದರೂ ಕಾಪಾಡಲಿ ಅಂದರೆ, ಅವು ಕೂಡಿಟ್ಟ ಹಳೆಯ ಆಟಗಳನ್ನು ಸಂಶೋಧಕರು ದೂರದಿಂದ ನೋಡಲು ಅವಕಾಶ ಕೊಡಿ ಎಂಬ ಮನವಿಯನ್ನು 2024ರ ಅಕ್ಟೋಬರ್‌ನಲ್ಲಿ ಅಮೆರಿಕದ ಕಾಪಿರೈಟ್ ಕಚೇರಿ ಒಪ್ಪಲಿಲ್ಲ. ಅಧ್ಯಯನ ಮಾಡುವವರಿಗೂ ಈ ಅಡ್ಡಿ ಯಾಕೆ?

ಪತ್ರದ ಕೊನೆಯಲ್ಲಿ ನೀವು ಕೇಳಿದ್ದೀರಿ: “ನಾನು ಬರೆದ ಬಿಲ್ಲಿಂಗ್ ಪ್ರೋಗ್ರಾಮನ್ನು ನನ್ನನ್ನು ಕೇಳದೆ ಹಂಚಿದರೂ ನೀವು ಒಪ್ಪುತ್ತೀರಾ?” ನೀವು ಅದನ್ನು ಮಾರುತ್ತಿರುವವರೆಗೆ ಖಂಡಿತ ಒಪ್ಪುವುದಿಲ್ಲ. ಹಂಚಿದವರ ವಿರುದ್ಧ ಇದೇ ಪುಟದಲ್ಲಿ ಬರೆಯುತ್ತೇನೆ. ಮಾರಾಟ ನಿಲ್ಲಿಸುವ ದಿನ ಮಾತ್ರ ಸುಮ್ನೆ ಕೈ ತೊಳೆದುಕೊಳ್ಳಬೇಡಿ. ಸೋರ್ಸ್ ಕೋಡ್, ಕೈಪಿಡಿ, ಫೈಲುಗಳ ರಚನೆಯ ವಿವರ ಎಲ್ಲವನ್ನೂ ಒಂದೆಡೆ ಸೇರಿಸಿ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು ಅಂತ ಲೈಸೆನ್ಸ್ ಬರೆದು ನಿಮ್ಮ ಹೆಸರು ಹಾಕಿ. ಯಾವುದಾದರೂ ಸಾರ್ವಜನಿಕ ಸಂಗ್ರಹಕ್ಕೆ ಕೊಡಿ. ಆ ಪ್ರೋಗ್ರಾಮಿನಲ್ಲಿ ವರ್ಷಗಟ್ಟಲೆ ಲೆಕ್ಕ ಇಟ್ಟ ನಿಮ್ಮ ಗ್ರಾಹಕರಿಗೂ ಒಂದೊಂದು ಪ್ರತಿ ಕಳಿಸಿ.

— ಸಂಪಾದಕ