ಹಿಮದ ಊರುಗಳಲ್ಲಿ ಜಪಾನಿನ ಸುಬಾರು ಕಾರನ್ನು ಜನ ಅಷ್ಟು ನಂಬುವುದೇಕೆ?

ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುತ್ತದೆ, ಭಾರ ನೆಲಕ್ಕೆ ಹತ್ತಿರ ಇರುತ್ತದೆ. ಕಾರಣ ಇಷ್ಟೇ.

ಸಾಮಾನ್ಯ ಕಾರಿನ ಎಂಜಿನ್‌ನಲ್ಲಿ ಪಿಸ್ಟನ್‌ಗಳು ಮೇಲೆ ಕೆಳಗೆ ಓಡಾಡುತ್ತವೆ. ಸುಬಾರುವಿನಲ್ಲಿ ಅವು ಎಡಕ್ಕೂ ಬಲಕ್ಕೂ ಅಡ್ಡಡ್ಡ ಮಲಗಿರುತ್ತವೆ, ಇಬ್ಬರು ಬಾಕ್ಸರ್‌ಗಳು ಎದುರುಬದುರು ಗುದ್ದಾಡಿದ ಹಾಗೆ. ಅದಕ್ಕೇ ಬಾಕ್ಸರ್ ಎಂಜಿನ್ ಅನ್ನುವುದು. ಎಂಜಿನ್ ಚಪ್ಪಟೆಯಾಗಿ ಕೆಳಗೆ ಕೂರುವುದರಿಂದ ತಿರುವಿನಲ್ಲಿ ಕಾರು ಕಡಿಮೆ ವಾಲುತ್ತದೆ. ಒಂದು ಚಕ್ರ ಹಿಮದಲ್ಲಿ ಸುಮ್ನೆ ತಿರುಗಿದರೂ ಉಳಿದವು ಎಳೆದುಕೊಂಡು ಹೋಗುತ್ತವೆ.

1966ರಲ್ಲಿ ಬಂದ ಸುಬಾರು 1000 ಕಾರಿನಲ್ಲೇ ಬಾಕ್ಸರ್ ಎಂಜಿನ್ ಇತ್ತು. ನಾಲ್ಕು ಚಕ್ರದ ಕಥೆ ಇನ್ನೂ ಚೆನ್ನಾಗಿದೆ. ಉತ್ತರ ಜಪಾನಿನ ತೊಹೊಕು ವಿದ್ಯುತ್ ಕಂಪನಿಯವರಿಗೆ ಹಿಮದ ಬೆಟ್ಟಗಳಲ್ಲಿ ಲೈನ್ ನೋಡಿಕೊಳ್ಳಲು ಜೀಪಿಗಿಂತ ಹಿತವಾದ ಗಾಡಿ ಬೇಕಿತ್ತು. ಅವರಿಗಾಗಿ ಮಾಡಿದ ಪ್ರಯೋಗವೇ ಮುಂದೆ 1972ರಲ್ಲಿ ಬಂದ, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಸುಬಾರು ಲಿಯೋನ್ ಕಾರಿಗೆ ದಾರಿಯಾಯಿತು.

ಓಡಿಸುವವರ ದೂರುಗಳೂ ಇವೆ. ಪೆಟ್ರೋಲ್ ಸ್ವಲ್ಪ ಜಾಸ್ತಿ ಕುಡಿಯುತ್ತದೆ ಅನ್ನುತ್ತಾರೆ. ಸ್ಪಾರ್ಕ್ ಪ್ಲಗ್ ಎಂಜಿನ್‌ನ ಪಕ್ಕಗಳಲ್ಲಿ ಇರುವುದರಿಂದ ಬದಲಿಸಲು ಕೈ ತೂರಿಸುವುದೇ ಕಷ್ಟ. ನನ್ನ ಪ್ರಕಾರ, ಹಿಮವೇ ಬೀಳದ ಊರಲ್ಲಿ ಇದಕ್ಕಾಗಿ ಹೆಚ್ಚು ದುಡ್ಡು ಕೊಡಬೇಕಾಗಿಲ್ಲ.

ಅಂದಹಾಗೆ, ಸುಬಾರು ಅಂದರೆ ಜಪಾನಿ ಭಾಷೆಯಲ್ಲಿ ನಮ್ಮ ಕೃತ್ತಿಕೆ ನಕ್ಷತ್ರ! ಲೋಗೋದಲ್ಲಿರುವ ಐದು ಚಿಕ್ಕ ನಕ್ಷತ್ರಗಳು ಒಂದಾದ ಐದು ಕಂಪನಿಗಳು. ದೊಡ್ಡದು ಅವು ಸೇರಿ 1953ರಲ್ಲಿ ಕಟ್ಟಿದ ಫ್ಯೂಜಿ ಹೆವಿ ಇಂಡಸ್ಟ್ರೀಸ್, ಅಂದರೆ ಇಂದಿನ ಸುಬಾರು ಕಂಪನಿ.