ತಂದೆ ತೀರಿಕೊಂಡ ಮೇಲೆ ನಿಂತುಹೋದ ಕಿಸಾನ್ ಸಮ್ಮಾನ್ ಹಣ

ಪ್ರಶ್ನೆ: ನಮ್ಮದು ಹಾವೇರಿ ಜಿಲ್ಲೆ. ತಂದೆಯ ಹೆಸರಿನಲ್ಲಿ ಮೂರೂವರೆ ಎಕರೆ ಜಮೀನಿದೆ. 2022ರಲ್ಲಿ ಅವರು ತೀರಿಕೊಂಡರು. ಆಮೇಲೂ ಅವರ ಖಾತೆಗೆ ಎರಡು ಕಂತು ಕಿಸಾನ್ ಸಮ್ಮಾನ್ ಹಣ ಜಮೆಯಾಗಿ ನಂತರ ನಿಂತಿತು. 2023ರ ಬರ ಪರಿಹಾರವೂ ಬರಲಿಲ್ಲ. ಬೇಸಾಯ ಮಾಡುತ್ತಿರುವವನು ನಾನು. ತಾಯಿ ನನ್ನ ಜೊತೆಗಿದ್ದಾರೆ. ತಮ್ಮ ಬೆಂಗಳೂರಿನಲ್ಲಿ ಕಂಪನಿ ಕೆಲಸದಲ್ಲಿದ್ದಾನೆ, ತಂಗಿಗೆ ಮದುವೆಯಾಗಿದೆ. ಆಸ್ತಿ ವಿಭಾಗ ಇನ್ನೂ ಬಗೆಹರಿದಿಲ್ಲ. ಹಣ ಬರಲು ಏನು ಮಾಡಬೇಕು?

ಉತ್ತರ: ವಿಭಾಗ ಬಗೆಹರಿಯಲಿ ಎಂದು ಕಾಯಬೇಡಿ. ನಿಮಗೆ ಈಗ ಬೇಕಿರುವುದು ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ದಾಖಲಿಸುವುದು. ತಾಯಿ, ನೀವು, ತಮ್ಮ, ತಂಗಿ ನಾಲ್ವರ ಹೆಸರೂ ಜಂಟಿಯಾಗಿ ಪಹಣಿಯಲ್ಲಿ ಮಾಲೀಕರ ಹೆಸರಿರುವ ಒಂಬತ್ತನೇ ಕಲಂಗೆ ಬರಲಿ. ಯಾರಿಗೆ ಯಾವ ಬದುವಿನವರೆಗೆ ಎಂಬುದನ್ನು ಆಮೇಲೆ ಕೂತು ತೀರ್ಮಾನಿಸಬಹುದು.

ಎಷ್ಟೋ ಮನೆಗಳಲ್ಲಿ ತೊಡಕು ಶುರುವಾಗುವುದೇ ಇಲ್ಲಿ. ತಂಗಿಯ ಹೆಸರು ಸೇರಿಸಿದರೆ ಪಾಲು ಕೇಳುತ್ತಾಳೆ ಎಂದು ವಂಶವೃಕ್ಷದಲ್ಲಿ ಆಕೆಯನ್ನೇ ಬಿಟ್ಟುಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ತಾಯಿಯೂ ತಂಗಿಯೂ ನಿಮ್ಮಂತೆಯೇ ಮೊದಲ ದರ್ಜೆಯ ವಾರಸುದಾರರು. ಸುಳ್ಳು ವಂಶವೃಕ್ಷ ಕೊಟ್ಟು ಮಾಡಿಸಿದ ಖಾತೆ ಮುಂದೆ ತಕರಾರಿಗೆ ಬಿದ್ದೇ ಬೀಳುತ್ತದೆ.

ಮರಣ ಪ್ರಮಾಣಪತ್ರ, ವಂಶವೃಕ್ಷ, ಎಲ್ಲರ ಆಧಾರ್ ಪ್ರತಿ ಇಟ್ಟುಕೊಂಡು ನಾಡಕಚೇರಿಗೆ ಹೋಗಿ. ಅರ್ಜಿ ಕೊಡುವ ಮೊದಲು ಹೆಸರುಗಳನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿ. ಪಹಣಿಯಲ್ಲಿ ‘ಈರಪ್ಪ ಬಿನ್ ಬಸಪ್ಪ’, ಆಧಾರ್‌ನಲ್ಲಿ ‘ವೀರಪ್ಪ’ ಎಂದಿದ್ದರೆ ಅಷ್ಟಕ್ಕೇ ಅರ್ಜಿ ತಿಂಗಳುಗಟ್ಟಲೆ ಕೂರುತ್ತದೆ.

ಖಾತೆಯಾದ ಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ ನಿಮ್ಮ ಹೆಸರಿನಲ್ಲೇ ಫ್ರೂಟ್ಸ್ (ರಾಜ್ಯ ಸರ್ಕಾರದ ರೈತರ ನೋಂದಣಿ ತಂತ್ರಾಂಶ) ಗುರುತಿನ ಸಂಖ್ಯೆ, ಅಂದರೆ ಎಫ್‌ಐಡಿ ಮಾಡಿಸಿ, ಸರ್ವೆ ನಂಬರನ್ನು ಅದಕ್ಕೆ ಜೋಡಿಸಿ. ಬರ ಪರಿಹಾರ ತಪ್ಪಿದ್ದೂ ಬಹುಶಃ ಇದರಿಂದಲೇ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾಗಿ, ಪರಿಹಾರ ಎಫ್‌ಐಡಿ ಆಧಾರದ ಮೇಲೆ ನೇರ ಬ್ಯಾಂಕಿಗೆ ಹೋಯಿತು. ಪೈರು ಒಣಗಿದ್ದು ನಿಮ್ಮದಾದರೂ ದಾಖಲೆಯಲ್ಲಿ ಆ ಹೊಲ ನಿಮ್ಮದಾಗಿರಲಿಲ್ಲ.

ಇನ್ನು ಕಿಸಾನ್ ಸಮ್ಮಾನ್. 2019ರ ಫೆಬ್ರುವರಿ 1ರ ನಂತರ ಕೊಂಡ ಜಮೀನಿಗೆ ಈ ಹಣ ಇಲ್ಲ, ಆದರೆ ಮಾಲೀಕರು ತೀರಿಕೊಂಡು ವಾರಸಾ ಬಂದಿದ್ದರೆ ಉಂಟು. ಹೀಗಾಗಿ ನೀವು ಅರ್ಹರು. ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು ಸೇರಿ ಒಂದು ಕುಟುಂಬವೆಂದು ಲೆಕ್ಕ. ವರ್ಷಕ್ಕೆ 6,000 ರೂಪಾಯಿ, ಮೂರು ಕಂತು. ತಾಯಿಯದು ಪ್ರತ್ಯೇಕ ಕುಟುಂಬವಾದ್ದರಿಂದ ಅವರೂ ಅರ್ಜಿ ಹಾಕಬಹುದು, ಮರೆಯಬೇಡಿ. ತಮ್ಮ ಆದಾಯ ತೆರಿಗೆ ಕಟ್ಟುವವನಾದರೆ ಅವನಿಗೆ ಸಿಗದು. ಅದರಿಂದ ನಿಮಗಾಗಲಿ ತಾಯಿಗಾಗಲಿ ಅಡ್ಡಿಯಿಲ್ಲ. ಹೆಸರು ನೋಂದಣಿಯಾದ ಅವಧಿಯಿಂದ ಮಾತ್ರ ಹಣ ಲೆಕ್ಕಕ್ಕೆ ಬರುತ್ತದೆ. ತಡಮಾಡಿದಷ್ಟೂ ಕಂತುಗಳು ಕೈತಪ್ಪುತ್ತವೆ ಎಂದೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇ-ಕೆವೈಸಿ, ಅಂದರೆ ಆಧಾರ್ ಮೂಲಕ ಗುರುತು ದೃಢಪಡಿಸುವುದು, ಕಡ್ಡಾಯ. ಮೊಬೈಲ್ ಒಟಿಪಿಯಿಂದಲೋ ಸಾಮಾನ್ಯ ಸೇವಾ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟೋ ಮುಗಿಸಬಹುದು. ಹಣ ಆಧಾರ್ ಜೋಡಣೆಯಾದ ಖಾತೆಗೆ ಬೀಳುತ್ತದೆ. ಎರಡು ಮೂರು ಬ್ಯಾಂಕಿನಲ್ಲಿ ಖಾತೆ ಇರುವವರು ‘ಹಣ ಬಂದಿಲ್ಲ’ ಎನ್ನುತ್ತಿರುವಾಗ ಅದು ಎಂದೋ ತೆರೆದು ಮರೆತ ಪಾಸ್‌ಬುಕ್ಕಿನಲ್ಲಿ ಕೂತಿರುವುದುಂಟು. ಸ್ಥಿತಿ ತಿಳಿಯಲು 155261ಕ್ಕೆ ಕರೆ ಮಾಡಬಹುದು.

ನೀವು ಕೇಳದ ಒಂದು ವಿಷಯವನ್ನೂ ಹೇಳಬೇಕು. ತಂದೆ ಹೋದ ಮೇಲೆ ಜಮೆಯಾದ ಆ ಎರಡು ಕಂತು ನಿಮಗೆ ಸೇರಿದ್ದಲ್ಲ. ಎಟಿಎಂ ಕಾರ್ಡ್ ಕೈಯಲ್ಲಿದೆ ಎಂದು ತೆಗೆಯಬೇಡಿ. ತೆಗೆದು ಖರ್ಚಾಗಿದ್ದರೆ ಕೃಷಿ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ ಮರಳಿಸಿ, ರಸೀದಿ ಇಟ್ಟುಕೊಳ್ಳಿ. ಅನರ್ಹರಿಗೆ ಹೋದ ಹಣವನ್ನು ಸರ್ಕಾರ ವಸೂಲು ಮಾಡುತ್ತಿದೆ; ನೋಟಿಸ್ ಬರುವ ಮೊದಲೇ ಮುಗಿಸಿಕೊಂಡರೆ ನಿಮ್ಮ ಹೊಸ ಅರ್ಜಿಗೂ ತೊಡಕಿರುವುದಿಲ್ಲ.